ಮರಳುವವರು, ಉಳಿಯುವವರು

ಮಾರ್ಮನ್ ಚರ್ಚಿನ ಮಿಷನ್ನುಗಳಲ್ಲಿ, ಅಂದರೆ ಅದರ ಮಿಷನರಿಗಳು ಧರ್ಮ ಬೋಧಿಸುವ ವಲಯಗಳಲ್ಲಿ, ಜುಲೈ 1 ಅಧಿಕಾರ ಕೈಬದಲಾಗುವ ದಿನ. ಜಗತ್ತಿನಾದ್ಯಂತ ನೂರಾರು ಮಿಷನ್ನುಗಳಿವೆ. ಒಂದೊಂದಕ್ಕೂ ಒಬ್ಬ ಅಧ್ಯಕ್ಷ. ಆತ ಪಾದ್ರಿಯ ವೃತ್ತಿಯವನಲ್ಲ. ವಕೀಲನೋ ವ್ಯಾಪಾರಿಯೋ ಮೇಷ್ಟರೋ ಆಗಿದ್ದವನು ಕೆಲಸ ಬಿಟ್ಟು ಹೆಂಡತಿಯೊಡನೆ ಮೂರು ವರ್ಷ ಪರದೇಶದಲ್ಲಿರಲು ಒಪ್ಪಿ ಬಂದಿರುತ್ತಾನೆ. ಅವಧಿ ಮುಗಿದ ದಂಪತಿ ಜುಲೈ ಆರಂಭದಲ್ಲಿ ಊರಿಗೆ ಹೊರಡುತ್ತಾರೆ. ಅವರ ಜಾಗಕ್ಕೆ ಜೂನ್‌ನಲ್ಲಿ ಯೂಟಾದ ಪ್ರೊವೊ ಪಟ್ಟಣದಲ್ಲಿ ತರಬೇತಿ ಪಡೆದ ಹೊಸ ದಂಪತಿ ಬಂದಿಳಿಯುತ್ತಾರೆ. ಹಳಬರೂ ಹೊಸಬರೂ ಒಂದೇ ಸೂರಿನಡಿ ಇರುವುದು ಬಹಳ ಕಡಿಮೆ ಹೊತ್ತು.

ಆ ವಾರ ಅಂಥ ಮಿಷನ್ನಿನಲ್ಲಿ ಊರಿಗೆ ಹೊರಡಲು ಇನ್ನು ಮೂರೋ ನಾಲ್ಕೋ ವಾರ ಉಳಿದಿರುವ ಮಿಷನರಿ ಹುಡುಗರು ಇದ್ದೇ ಇರುತ್ತಾರೆ. ಹೆಚ್ಚುಕಡಿಮೆ ಎರಡು ವರ್ಷ ಅವರು ವಾರವಾರವೂ ಒಬ್ಬ ಅಧ್ಯಕ್ಷರಿಗೇ ಪತ್ರ ಬರೆದಿರುತ್ತಾರೆ, ಸೋತದ್ದನ್ನೂ ಅತ್ತದ್ದನ್ನೂ ಅವರಲ್ಲೇ ಹೇಳಿಕೊಂಡಿರುತ್ತಾರೆ. ಕೊನೆಯ ಸಂದರ್ಶನಕ್ಕೆ ಮೇಜಿನ ಆಚೆ ಕೂತಿರುವವರು ಮಾತ್ರ ಇವರ ಹೆಸರನ್ನು ಮೊನ್ನೆಯಷ್ಟೇ ಪಟ್ಟಿಯಲ್ಲಿ ಓದಿದವರು.

ಹದಿನೆಂಟು ತುಂಬಿದ ಗಂಡುಮಕ್ಕಳಿಗೆ 24 ತಿಂಗಳ ಸೇವೆ, ಹೆಣ್ಣುಮಕ್ಕಳಿಗೆ 18 ತಿಂಗಳು. ಯಾವ ದೇಶ, ಯಾವ ಭಾಷೆ ಎಂಬ ಆಯ್ಕೆ ಹೋಗುವವರದ್ದಲ್ಲ. ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಪಕ್ಕದಲ್ಲಿ ಬಿಟ್ಟಗಲದ ಜೊತೆಗಾರ. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ: ಕೆಲವರು ಅಲ್ಲೇ ಉಳಿಯುತ್ತಾರೆ, ಕೆಲವರು ಬೇರೆ ಊರಿಗೆ, ಬೇರೆ ಜೊತೆಗಾರನ ಬಳಿಗೆ ಹೊರಡುತ್ತಾರೆ. ಮೊದಲ ಚಳಿಗಾಲದಲ್ಲಿ ತೊದಲಿದ್ದ ಭಾಷೆಯಲ್ಲಿ ಈಗ ಕನಸು ಬೀಳುತ್ತದೆ. ಯಾವ ಬಸ್ಸು ಎಲ್ಲಿ ತಿರುಗುತ್ತದೆ, ಯಾವ ಮನೆಯ ಅಜ್ಜಿಗೆ ಕಿವಿ ಮಂದ ಎಂಬುದೆಲ್ಲ ಗೊತ್ತಾಗಿದೆ. ಮನಸ್ಸಿನಲ್ಲಿ ಆಗಲೇ ಪೆಟ್ಟಿಗೆ ಕಟ್ಟಿಕೊಂಡವನನ್ನು ಜೊತೆಯವರು ‘ಟ್ರಂಕಿ’ ಎಂದು ರೇಗಿಸುತ್ತಾರೆ. ವಿಮಾನ ಇಳಿದು ಮನೆ ಸೇರಿದರೂ ಅವನು ಮಿಷನರಿಯೇ. ಊರಿನ ಸ್ಟೇಕ್ ಅಧ್ಯಕ್ಷರು, ಅಂದರೆ ಹಲವು ಸಭೆಗಳ ಮೇಲ್ವಿಚಾರಕರು, ಎದುರು ಕೂರಿಸಿಕೊಂಡು ಬಿಡುಗಡೆ ಹೇಳಿದ ಮೇಲೆಯೇ ಹೆಸರುಪಟ್ಟಿ ತೆಗೆಯುವುದು.

ಹೀಗೆ ಗಡಿಯಾರ ನೋಡಿಕೊಂಡು ಮುಗಿಯುವ ಸೇವೆ ಈ ಸಂಪ್ರದಾಯದಲ್ಲಿ ತೀರ ಈಚಿನದು. ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಈ ಚರ್ಚನ್ನು ಸ್ಥಾಪಿಸಿದ. ಅದೇ ವರ್ಷ ಅವನ ತಮ್ಮ ಸ್ಯಾಮ್ಯುಯೆಲ್ ಚೀಲದಲ್ಲಿ ಮಾರ್ಮನ್ ಗ್ರಂಥದ ಪ್ರತಿಗಳನ್ನು ತುಂಬಿಕೊಂಡು ಹಳ್ಳಿಗಳ ದಾರಿ ಹಿಡಿದ. ಅಲ್ಲಿಂದ ಮುಂದೆ ಬಹುಕಾಲ ಮಿಷನರಿಗೆ ಹೊರಡುವ ದಿನ ಗೊತ್ತಿತ್ತು, ಮರಳುವ ದಿನ ಗೊತ್ತಿರಲಿಲ್ಲ. ಒಂದು ಕಾಗದ ಬರಬೇಕಿತ್ತು, ಇಲ್ಲವೇ ದೇಹ ಸೋಲಬೇಕಿತ್ತು, ಇಲ್ಲವೇ ಯುದ್ಧ ಎದ್ದೇಳಬೇಕಿತ್ತು. ಹೋದಾಗ ಇದ್ದ ನಾಯಕ ಮರಳುವ ಹೊತ್ತಿಗೆ ಇರುತ್ತಾನೆಂಬ ಭರವಸೆಯೂ ಇರಲಿಲ್ಲ. ಮಿಷನ್ನಿನ ಇತಿಹಾಸವನ್ನು ಬರೆದವರು ಹೆಚ್ಚಾಗಿ ಆಗಮನಗಳನ್ನು ಎಣಿಸಿದ್ದಾರೆ: ಯಾರು ಯಾವ ಬಂದರಿನಲ್ಲಿ ಮೊದಲು ಇಳಿದರು, ಎಷ್ಟು ಜನರಿಗೆ ದೀಕ್ಷಾಸ್ನಾನ ಮಾಡಿಸಿದರು ಎಂದು. ನಿರ್ಗಮನಗಳನ್ನು ಹಿಡಿದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹೊರಟವನಿಗೆ ಸೇವೆ ಮುಗಿಯಿತು. ಅವನು ಕಟ್ಟಿದ್ದನ್ನು ಹೊರಬೇಕಾದವರು ಅಲ್ಲೇ ಉಳಿದ ಜನ. ಈ ಪರಂಪರೆ ನಿಂತದ್ದೂ ಕುಸಿದದ್ದೂ ಅವರ ಮೇಲೆಯೇ.

ಆಡಿಸನ್ ಪ್ರ್ಯಾಟನ ಕತೆ ಇದಕ್ಕೆ ದೊಡ್ಡ ಸಾಕ್ಷಿ. ಯೌವನದಲ್ಲಿ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದು, ಹವಾಯಿ ದ್ವೀಪಗಳಲ್ಲಿ ಕೆಲಕಾಲ ಇದ್ದವನು ಅವನು. ಪೆಸಿಫಿಕ್ ಸಾಗರ ಬಲ್ಲವನೆಂದು 1843ರಲ್ಲಿ ಜೋಸೆಫ್ ಸ್ಮಿತ್ ಅವನನ್ನೂ ಇನ್ನು ಮೂವರನ್ನೂ ಅತ್ತ ಕಳಿಸಿದ. ಇಲಿನಾಯ್ ಪ್ರಾಂತ್ಯದ ನಾವೂ ಪಟ್ಟಣದಲ್ಲಿ ಹೆಂಡತಿ ಲೂಯಿಸಾಳನ್ನೂ ನಾಲ್ವರು ಹೆಣ್ಣುಮಕ್ಕಳನ್ನೂ ಬಿಟ್ಟು ಅವನು ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಹಡಗು ಹತ್ತಿದ. ನಾಲ್ವರಲ್ಲಿ ಒಬ್ಬ ಕ್ಷಯದಿಂದ ನಡುದಾರಿಯಲ್ಲೇ ಸತ್ತು ಸಮುದ್ರದ ಪಾಲಾದ. ಉಳಿದವರು 1844ರ ಏಪ್ರಿಲ್ 30ರಂದು ಟುಬುವಾಯಿ ದ್ವೀಪ ಮುಟ್ಟಿದರು. ಅಲ್ಲಿನ ಜನ ಹೋಗಬೇಡವೆಂದು ಹಿಡಿದುಕೊಂಡಾಗ ಪ್ರ್ಯಾಟ್ ಅಲ್ಲಿ ಉಳಿದ, ಜೊತೆಯ ಇಬ್ಬರು ತಹೀತಿಗೆ ಮುಂದುವರಿದರು.

ಅವರು ದಡ ಸೇರಿ ಎರಡು ತಿಂಗಳಾಗಿರಲಿಲ್ಲ, ಜೂನ್ 27ರಂದು ಕಾರ್ಥೇಜ್ ಸೆರೆಮನೆಗೆ ನುಗ್ಗಿದ ಗುಂಪು ಜೋಸೆಫ್ ಸ್ಮಿತ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಗುಂಡಿಕ್ಕಿ ಕೊಂದಿತು. ಕಳಿಸಿದ ಪ್ರವಾದಿಯೇ ಇಲ್ಲವೆಂಬ ಸುದ್ದಿ ದ್ವೀಪಗಳಿಗೆ ತಲುಪಿದ್ದು ಬಹಳ ತಡವಾಗಿ. ಈ ನಡುವೆ ನಾವೂ ಪಟ್ಟಣದಲ್ಲಿ ಮುಂದಿನ ನಾಯಕ ಯಾರೆಂಬ ಜಗಳ ಎದ್ದು, ಆಗಸ್ಟ್ 8ರ ಸಭೆಯಲ್ಲಿ ಬಹುಮಂದಿ ಬ್ರಿಗಮ್ ಯಂಗ್ ಮುಂದಾಳಾಗಿದ್ದ ಹನ್ನೆರಡು ಅಪೊಸ್ತಲರ, ಅಂದರೆ ಚರ್ಚಿನ ಹಿರಿಯ ಮಂಡಳಿಯ, ಕಡೆ ನಿಂತರು. ಯಂಗ್ ಚರ್ಚಿನ ಅಧ್ಯಕ್ಷನೆಂದು ಔಪಚಾರಿಕವಾಗಿ ನೇಮಕವಾದದ್ದು 1847ರ ಡಿಸೆಂಬರ್‌ನಲ್ಲಿ. ಮೂರು ವರ್ಷಕ್ಕೂ ಮಿಕ್ಕಿ ಆ ಪೀಠ ಖಾಲಿ ಇತ್ತು. ಅಷ್ಟರಲ್ಲಿ ನಾವೂ ಪಟ್ಟಣವನ್ನೇ ಬಿಟ್ಟು ಇಡೀ ಜನಾಂಗ ಪಶ್ಚಿಮಕ್ಕೆ ಗಾಡಿ ಕಟ್ಟಿತ್ತು.

ಇದಾವುದರ ಪೂರ್ತಿ ಚಿತ್ರವಿಲ್ಲದೆಯೇ ಪ್ರ್ಯಾಟ್ ದ್ವೀಪದಿಂದ ದ್ವೀಪಕ್ಕೆ ಹೋಗಿ ಸಭೆಗಳನ್ನು ಕಟ್ಟಿದ. 1846ರ ಸೆಪ್ಟೆಂಬರ್‌ನಲ್ಲಿ ಅನಾ ದ್ವೀಪದಲ್ಲಿ ಸೇರಿದ ಸಮ್ಮೇಳನದ ಲೆಕ್ಕದಲ್ಲಿ 800ಕ್ಕೂ ಹೆಚ್ಚು ಸದಸ್ಯರಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಅವನು ತಹೀತಿಯಿಂದ ಹೊರಟ. ಹೆಂಡತಿ ಮಕ್ಕಳು ಕ್ಯಾಲಿಫೋರ್ನಿಯಾಕ್ಕೆ ಬಂದಿರುತ್ತಾರೆಂದು ನಂಬಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರೆ ಅಲ್ಲಿ ಅವರಿರಲಿಲ್ಲ. ಚಳಿಗಾಲ ಕಳೆಯುವವರೆಗೆ ಕಾದು, ಯುದ್ಧಸೇವೆ ಮುಗಿಸಿ ಮರಳುತ್ತಿದ್ದ ಮಾರ್ಮನ್ ಸೈನಿಕರ ಜೊತೆ ಸಿಯೆರಾ ಬೆಟ್ಟಗಳನ್ನು ದಾಟಿ, 1848ರ ಸೆಪ್ಟೆಂಬರ್ ಕೊನೆಯಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದ. ಲೂಯಿಸಾ ಗಂಡನಿಲ್ಲದೆ ನಾಲ್ವರು ಮಕ್ಕಳನ್ನು ಕಟ್ಟಿಕೊಂಡು ಬಯಲು ದಾಟಿ ಒಂದು ವಾರದ ಹಿಂದಷ್ಟೇ ಅಲ್ಲಿಗೆ ಬಂದಿದ್ದಳು. ಹೋಗಿ ಐದು ವರ್ಷವಾಗಿತ್ತು. ಮಕ್ಕಳಿಗೆ ಅಪ್ಪನ ಗುರುತು ಸರಿಯಾಗಿ ಹತ್ತಲಿಲ್ಲ. ಬಿಟ್ಟುಹೋದ ಊರಿಲ್ಲ, ಕಳಿಸಿದ ನಾಯಕನಿಲ್ಲ. ವರದಿ ಒಪ್ಪಿಸಬೇಕಾದದ್ದು ಬೇರೊಬ್ಬನಿಗೆ, ಬೇರೊಂದು ನಾಡಿನಲ್ಲಿ.

ಪ್ರ್ಯಾಟ್ 1850ರಲ್ಲಿ ಮತ್ತೆ ದ್ವೀಪಗಳಿಗೆ ಹೋದ, ಹೆಂಡತಿ ಅದೇ ವರ್ಷ ಅವನನ್ನು ಸೇರಿಕೊಂಡಳು. ಆದರೆ ಫ್ರೆಂಚ್ ಆಡಳಿತದ ನಿರ್ಬಂಧಗಳಿಂದಾಗಿ 1852ರಲ್ಲಿ ಮಿಷನರಿಗಳೆಲ್ಲ ಅಲ್ಲಿಂದ ಕಾಲ್ತೆಗೆಯಬೇಕಾಯಿತು. ಮತ್ತೆ ಯೂಟಾದಿಂದ ಮಿಷನರಿಗಳು ಬಂದದ್ದು 1892ರಲ್ಲಿ. ನಲವತ್ತು ವರ್ಷ ಆ ದ್ವೀಪಗಳ ವಿಶ್ವಾಸಿಗಳು ತಾವೇ ಸಭೆ ಸೇರಿದರು, ತಾವೇ ಮಕ್ಕಳಿಗೆ ಕಲಿಸಿದರು. ನಡುವೆ ಜೋಸೆಫ್ ಸ್ಮಿತ್‌ನ ಮಗನನ್ನು ನಾಯಕನೆಂದು ಒಪ್ಪಿದ ಇನ್ನೊಂದು ಶಾಖೆಯವರು ಬಂದಾಗ ಬಹಳ ಮಂದಿ ಅತ್ತ ಹೋದರು, ಕೆಲವರು ಹೋಗಲಿಲ್ಲ. ಅಮೆರಿಕದಲ್ಲಿ ನಡೆದ ಉತ್ತರಾಧಿಕಾರದ ಜಗಳಕ್ಕೆ ಪೆಸಿಫಿಕ್ ನಡುವಿನ ಹವಳದ ದ್ವೀಪದಲ್ಲಿ ಇತ್ಯರ್ಥ ಹೇಳಬೇಕಾದವರು ಆ ಮೀನುಗಾರರೇ ಆದರು. ಪ್ರ್ಯಾಟನ ದಿನಚರಿಗಳು ಉಳಿದುಬಂದಿವೆ. ಆ ನಲವತ್ತು ವರ್ಷವನ್ನು ಹಾಗೆ ಬರೆದಿಟ್ಟವರು ವಿರಳ.

ಭಾರತಕ್ಕೂ 1850ರ ದಶಕದಲ್ಲೇ ಮಾರ್ಮನ್ ಮಿಷನರಿಗಳು ಬಂದರು. 1851ರಲ್ಲಿ ಜೋಸೆಫ್ ರಿಚರ್ಡ್ಸ್ ಎಂಬುವನು ಕಲ್ಕತ್ತೆಯಲ್ಲಿ ಮೊದಲ ದೀಕ್ಷಾಸ್ನಾನಗಳನ್ನು ಮಾಡಿಸಿದ. ಅವರಲ್ಲಿ ಬಂಗಾಳದ ಸೈನ್ಯದಲ್ಲಿದ್ದ ಮ್ಯಾಥ್ಯೂ ಮೆಕ್ಯೂನ್ ಒಬ್ಬ. 1852ರ ಆಗಸ್ಟ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯ ವಿಶೇಷ ಸಮ್ಮೇಳನದಲ್ಲಿ ಬ್ರಿಗಮ್ ಯಂಗ್ ಸುಮಾರು ನೂರು ಮಂದಿಯನ್ನು ಜಗತ್ತಿನ ಮೂಲೆಮೂಲೆಗೆ ಹಂಚಿದಾಗ ಒಂಬತ್ತು ಜನರ ಪಾಲಿಗೆ ಭಾರತವೂ ನಾಲ್ವರ ಪಾಲಿಗೆ ಸಯಾಮ್ ದೇಶವೂ ಬಂದವು. ಹದಿಮೂರೂ ಮಂದಿ ‘ಮಾನ್ಸೂನ್’ ಎಂಬ ಹೆಸರಿನ ಹಡಗಿನಲ್ಲಿ 1853ರ ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ಬಂದಿಳಿದು, ತಮ್ಮೊಳಗೆ ನಥಾನಿಯೆಲ್ ಜೋನ್ಸ್‌ನನ್ನು ಅಧ್ಯಕ್ಷನೆಂದು ಆರಿಸಿಕೊಂಡು, ಮದರಾಸು, ದಾನಾಪುರ, ಕರಾಚಿ ಎಂದು ಚೆದುರಿದರು. ಮುಂಬಯಿ, ಪುಣೆಗಳಲ್ಲಿ ಅವರಿಗೂ ಮುಂಚೆಯೇ ಹ್ಯೂ ಫಿಂಡ್ಲೆ ಕೆಲಸ ಮಾಡುತ್ತಿದ್ದ.

ಕಾಸಿಲ್ಲದೆ, ಜೋಳಿಗೆಯಿಲ್ಲದೆ, ಊರವರು ಇಕ್ಕಿದ್ದನ್ನು ಉಂಡು ನಡೆಯಬೇಕೆಂಬುದು ಅವರ ಕಟ್ಟಳೆ. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಅದು ನಡೆದಿತ್ತು. ಬಿಳಿಯರ ಬಂಗಲೆಗಳು ಒಂದು ಕಡೆ, ಊರು ಇನ್ನೊಂದು ಕಡೆ ಇದ್ದ ಕಂಟೋನ್ಮೆಂಟುಗಳಲ್ಲಿ ಅದು ನಡೆಯಲಿಲ್ಲ. ದಂಡಿನ ಅಧಿಕಾರಿಗಳೂ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳೂ ಅವರನ್ನು ಹೊರಗಿಟ್ಟರು. ಪುಣೆಯ ಕಂಟೋನ್ಮೆಂಟಿನಲ್ಲಿ ಫಿಂಡ್ಲೆಗೆ ಬೋಧಿಸಲು ಬಿಡಲಿಲ್ಲ. 1852ರ ಅದೇ ಸಮ್ಮೇಳನದಲ್ಲಿ ಬಹುಪತ್ನಿತ್ವವನ್ನು ಚರ್ಚು ಬಹಿರಂಗವಾಗಿ ಒಪ್ಪಿಕೊಂಡಿದ್ದರಿಂದ ಪತ್ರಿಕೆಗಳೂ ತಿರುಗಿಬಿದ್ದವು. ಮದರಾಸಿನಲ್ಲಿ ರಿಚರ್ಡ್ ಬ್ಯಾಲಂಟೈನ್ ಪತ್ರಿಕೆಯೊಂದನ್ನು ಹೊರಡಿಸುವಷ್ಟು ಹಟ ತೋರಿಸಿದ, ಆದರೆ ಕಾಯಿಲೆಯಿಂದ 1854ರಲ್ಲಿ ಹಡಗು ಹತ್ತಿದ. ಅವನ ಜೊತೆಗಾರ ರಾಬರ್ಟ್ ಸ್ಕೆಲ್ಟನ್ 1856ರಲ್ಲಿ ಹೊರಟಾಗ ಆ ತಂಡದ ಕೊನೆಯವನೂ ಹೋದಂತಾಯಿತು.

ಹೊರಟವರಲ್ಲಿ ಲೀವಾಯ್ ಸ್ಯಾವೇಜನ ಕೊನೆಯ ತಿಂಗಳುಗಳು ಮರೆಯಲಾಗದವು. ಹೆಂಡತಿ ತೀರಿಹೋಗಿ, ಎಳೆಯ ಮಗನನ್ನು ಸೋದರಿಯ ಮಡಿಲಿಗೆ ಹಾಕಿ 1852ರಲ್ಲಿ ಮನೆ ಬಿಟ್ಟವನು ಅವನು. ಸಯಾಮಿಗೆ ಹೋಗಲಾಗದೆ ಬರ್ಮಾದಲ್ಲಿ ಸುಮಾರು ಎರಡು ವರ್ಷ ದುಡಿದು, ಹೇಳಿಕೊಳ್ಳುವ ಫಲವಿಲ್ಲದೆ ಬಾಸ್ಟನ್ನಿಗೆ ಹಡಗು ಹತ್ತಿದ. ಮನೆಗೆ ಇನ್ನೊಂದೇ ಪಯಣ ಬಾಕಿ ಇತ್ತು. 1856ರ ಬೇಸಿಗೆಯಲ್ಲಿ ಅಯೋವಾದಿಂದ ತಳ್ಳುಗಾಡಿಗಳಲ್ಲಿ ಹೊರಟಿದ್ದ ವಿಲ್ಲಿ ತಂಡಕ್ಕೆ ಅವನನ್ನು ಉಪನಾಯಕನಾಗಿ ಸೇರಿಸಿದರು. ಯೂರೋಪಿನಿಂದ ಬಂದ ಸುಮಾರು 500 ಮಂದಿ, ಅವರಲ್ಲಿ ಮುದುಕರು, ಕೂಸುಗಳು. ಆಗಸ್ಟ್ ನಡುವಿನಲ್ಲಿ ನೆಬ್ರಾಸ್ಕದ ಫ್ಲಾರೆನ್ಸ್‌ನಲ್ಲಿ ಮುಂದೆ ಹೋಗುವುದೋ ಚಳಿಗಾಲ ಕಳೆದು ಹೋಗುವುದೋ ಎಂಬ ಸಭೆ ಸೇರಿದಾಗ, ಆ ಬಯಲಿನ ಹಿಮವನ್ನು ಬಲ್ಲ ಸ್ಯಾವೇಜ್ ಎದ್ದು ನಿಂತು ಈಗ ಹೊರಟರೆ ಸಾವು ಖಂಡಿತ ಎಂದು ಕಣ್ಣೀರಿಟ್ಟು ಹೇಳಿದ. ಅವನ ಮಾತು ಸೋತಿತು. ತಾನೂ ಜೊತೆಯಲ್ಲೇ ಬರುತ್ತೇನೆಂದು ಹೊರಟ. ಅಕ್ಟೋಬರ್‌ನಲ್ಲಿ ಹಿಮ ಬಿತ್ತು. ಅರವತ್ತಕ್ಕೂ ಹೆಚ್ಚು ಜನ ದಾರಿಯಲ್ಲಿ ಸತ್ತರು. ನವೆಂಬರ್ 9ರಂದು ತಂಡ ಸಾಲ್ಟ್ ಲೇಕ್ ಸೇರಿತು. ಬರ್ಮಾದಲ್ಲಿ ಅವನು ಮಾಡಿದ್ದನ್ನು ಯಾವ ಲೆಕ್ಕದಲ್ಲೂ ದೊಡ್ಡದೆನ್ನಲಾಗದು. ಮನೆಗೆ ಮರಳುವ ದಾರಿಯ ಆ ತಿಂಗಳುಗಳಲ್ಲಿ ಅವನು ನಡೆದುಕೊಂಡ ರೀತಿ ಮಾತ್ರ ಇಂದಿಗೂ ಆ ಸಮುದಾಯದ ಮಕ್ಕಳ ಪಾಠದಲ್ಲಿದೆ.

ಭಾರತದಲ್ಲಿ ಸೇರಿದ್ದ ಕೈಬೆರಳೆಣಿಕೆಯ ಜನ ಏನಾದರು? ಬಹುಪಾಲು ಯೂರೋಪಿಯನ್ನರೇ ಆಗಿದ್ದ ಅವರಲ್ಲಿ ಕೆಲವರು ಯೂಟಾಕ್ಕೆ ವಲಸೆ ಹೋದರು. ಮೆಕ್ಯೂನ್ ಕುಟುಂಬವೂ ಹೋಯಿತು. ಕಲ್ಕತ್ತೆಯ ಫೋರ್ಟ್ ವಿಲಿಯಮ್‌ನಲ್ಲಿ 1849ರಲ್ಲಿ ಹುಟ್ಟಿದ ಅವರ ಮಗ ಆಲ್‌ಫ್ರೆಡ್ ಮುಂದೆ ಗಣಿ, ರೈಲು ಉದ್ಯಮಗಳಲ್ಲಿ ಗಳಿಸಿ ಕಟ್ಟಿಸಿದ ಬಂಗಲೆ ಸಾಲ್ಟ್ ಲೇಕ್ ಸಿಟಿಯಲ್ಲಿ ಈಗಲೂ ಇದೆ. ಉಳಿಯಬೇಕಾದವರೇ ಹೊರಟುಹೋದ ಕಡೆ ಮಿಷನ್ನು ಬೇರು ಬಿಡಲಿಲ್ಲ. ಇಲ್ಲಿ ಅದು ಮತ್ತೆ ಚಿಗುರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ವಯಸ್ಸಿನಲ್ಲಿ ಇಂದಿನ ಮಿಷನರಿಗಳಿಗಿಂತಲೂ ಚಿಕ್ಕವನಾಗಿ ಹೊರಟ ಒಬ್ಬನಿದ್ದಾನೆ. ಕಾರ್ಥೇಜ್‌ನಲ್ಲಿ ಸತ್ತ ಹೈರಮ್‌ನ ಮಗ ಜೋಸೆಫ್ ಎಫ್. ಸ್ಮಿತ್. ತಾಯಿ 1852ರಲ್ಲಿ ತೀರಿಕೊಂಡಳು. ತಂಗಿಯನ್ನು ಹೊಡೆಯಲು ಬಂದ ಮೇಷ್ಟರ ಮೇಲೆ ಬಿದ್ದು ಶಾಲೆ ಬಿಟ್ಟ ಹುಡುಗನಿಗೆ 1854ರಲ್ಲಿ, 15ರ ವಯಸ್ಸಿನಲ್ಲಿ, ಹವಾಯಿಗೆ ಹೋಗುವ ಕರೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಮರದ ಹಲಗೆ ಸೀಳುವ ಕಾರ್ಖಾನೆಯಲ್ಲಿ ಕೂಲಿ ಮಾಡಿ ಹಡಗಿನ ಖರ್ಚು ಹೊಂದಿಸಿಕೊಂಡ. ದ್ವೀಪದಲ್ಲಿ ಜ್ವರ ಹಿಡಿದು ಮಲಗಿದಾಗ ಹವಾಯಿಯ ಹೆಂಗಸೊಬ್ಬಳು ಮಗನಂತೆ ಆರೈಕೆ ಮಾಡಿದಳು. ಭಾಷೆ ನಾಲಗೆಗೆ ಹತ್ತಿತು.

1857ರಲ್ಲಿ ಅಮೆರಿಕದ ಅಧ್ಯಕ್ಷ ಬ್ಯುಕಾನನ್ ಯೂಟಾದ ಮೇಲೆ ಸೈನ್ಯ ಕಳಿಸಿದ. ಬ್ರಿಗಮ್ ಯಂಗ್ ಪರದೇಶಗಳಲ್ಲಿದ್ದ ಮಿಷನರಿಗಳನ್ನು ವಾಪಸು ಕರೆದ. ಜೋಸೆಫ್ ಎಫ್. ಆ ಅಕ್ಟೋಬರ್‌ನಲ್ಲಿ ಹೊರಟು ಮರುವರ್ಷ ಫೆಬ್ರವರಿಯಲ್ಲಿ ಮನೆ ಸೇರಿದ. ಆಗ ಅವನಿಗೆ 19. ದ್ವೀಪಗಳಲ್ಲಿ ಉಳಿದದ್ದು ಹವಾಯಿಯ ಸದಸ್ಯರು, ತಲೆಯ ಮೇಲೆ ಯಾರೂ ಇಲ್ಲದೆ. ಆ ಖಾಲಿ ಜಾಗಕ್ಕೆ 1861ರಲ್ಲಿ ವಾಲ್ಟರ್ ಮರ್ರೆ ಗಿಬ್ಸನ್ ಎಂಬ ಸಾಹಸಿ ಬಂದ. ಬ್ರಿಗಮ್ ಯಂಗ್‌ನಿಂದ ಪತ್ರ ಪಡೆದು ಬಂದಿದ್ದ ಅವನು ಲಾನಾಯ್ ದ್ವೀಪದಲ್ಲಿ ತಾನೇ ಪೀಠಾಧಿಪತಿಯಂತೆ ಮೆರೆದ, ಚರ್ಚಿನ ಪದವಿಗಳನ್ನು ದುಡ್ಡಿಗೆ ಮಾರಿದ, ಸದಸ್ಯರ ಹಣದಲ್ಲಿ ಭೂಮಿ ಕೊಂಡು ತನ್ನ ಹೆಸರಿಗೆ ಬರೆಸಿಕೊಂಡ. ಕೊನೆಗೆ ಯೂಟಾಕ್ಕೆ ದೂರು ಬರೆದವರು ಆ ದ್ವೀಪದವರೇ.

1864ರಲ್ಲಿ ಇಬ್ಬರು ಅಪೊಸ್ತಲರು ವಿಚಾರಣೆಗೆ ಬಂದಾಗ ಭಾಷೆ ಬಲ್ಲವನೆಂದು ಜೊತೆಗೆ ಬಂದವನು ಜೋಸೆಫ್ ಎಫ್. ಲಹೈನಾ ಬಂದರಿನಲ್ಲಿ ದೋಣಿ ಮಗುಚಿ ಅಪೊಸ್ತಲ ಲೊರೆಂಜೊ ಸ್ನೋ ಮುಳುಗಿ ಸಾಯುವುದರಿಂದ ಸ್ವಲ್ಪದರಲ್ಲಿ ಉಳಿದ. ಗಿಬ್ಸನ್‌ನನ್ನು ಚರ್ಚಿನಿಂದ ಹೊರಹಾಕಿದರು. ಭೂಮಿಯನ್ನು ಅವನು ಬಿಡಲಿಲ್ಲ. ಮರುವರ್ಷ ಓಆಹು ದ್ವೀಪದ ಲಾಯಿಯೆಯಲ್ಲಿ ಬೇರೆ ಜಮೀನು ಕೊಂಡು ಸದಸ್ಯರನ್ನು ಅಲ್ಲಿ ನೆಲೆಗೊಳಿಸಿದರು. ಗಿಬ್ಸನ್ ಮುಂದೆ ಹವಾಯಿ ರಾಜ್ಯದ ಪ್ರಧಾನಮಂತ್ರಿಯೇ ಆದ, ಆ ಮಾತು ಬೇರೆ. ನಾಯಕರಿಲ್ಲದೆ ಬಿಟ್ಟುಬಂದರೆ ಏನಾಗುತ್ತದೆಂದು ಜೋಸೆಫ್ ಎಫ್. ಹತ್ತಿರದಿಂದ ನೋಡಿದ. 1901ರಲ್ಲಿ ಅವನೇ ಚರ್ಚಿನ ಆರನೆಯ ಅಧ್ಯಕ್ಷನಾದ. ಮುದಿ ವಯಸ್ಸಿನಲ್ಲಿ ಹೊನಲುಲು ಬಂದರಿಗೆ ಅವನು ಬಂದಿಳಿದಾಗ, ಜ್ವರದಲ್ಲಿ ಆರೈಕೆ ಮಾಡಿದ್ದ ಆ ತಾಯಿ ಕಣ್ಣು ಕಾಣದವಳಾಗಿ, ಕೈಯಲ್ಲಿ ಒಂದಿಷ್ಟು ಬಾಳೆಹಣ್ಣು ಹಿಡಿದು ‘ಇಯೊಸೇಪಾ’ ಎಂದು ಕೂಗುತ್ತ ಬಂದಳೆಂದು ಜೊತೆಗಿದ್ದವರು ಬರೆದಿದ್ದಾರೆ.

ನಾಯಕ ಸತ್ತಾಗ ಮುಂದೇನು ಎಂಬ ಪ್ರಶ್ನೆ 19ನೆಯ ಶತಮಾನದುದ್ದಕ್ಕೂ ಮಿಷನರಿಗಳನ್ನು ಕಾಡಿತು. ಯಂಗ್ 1877ರಲ್ಲಿ ಸತ್ತ ಮೇಲೆ ಜಾನ್ ಟೇಲರ್ ಅಧ್ಯಕ್ಷನಾದದ್ದು 1880ರಲ್ಲಿ. ಟೇಲರ್ 1887ರಲ್ಲಿ ಸತ್ತ ಮೇಲೆ ವಿಲ್‌ಫರ್ಡ್ ವುಡ್ರಫ್‌ನ ಸರದಿ ಬಂದದ್ದು 1889ರಲ್ಲಿ. ವುಡ್ರಫ್ ತನ್ನ ನಂತರ ಕಾಯಬೇಡಿ ಎಂದು ಲೊರೆಂಜೊ ಸ್ನೋಗೆ ಮೊದಲೇ ಹೇಳಿಟ್ಟಿದ್ದ. 1898ರ ಸೆಪ್ಟೆಂಬರ್ 2ರಂದು ಅವನು ತೀರಿಕೊಂಡ, 13ಕ್ಕೆ ಸ್ನೋ ಅಧ್ಯಕ್ಷನಾದ. ಹನ್ನೊಂದು ದಿನ. ಅತಿ ಹಿರಿಯ ಅಪೊಸ್ತಲನೇ ಮುಂದಿನ ಅಧ್ಯಕ್ಷ, ಅದೂ ತಡವಿಲ್ಲದೆ ಎಂಬ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು. ದೂರದ ಊರಿನ ಮಿಷನರಿಗೆ ಸಾವಿನ ಸುದ್ದಿಯ ಬೆನ್ನಿಗೇ ಹೊಸ ಹೆಸರೂ ಬರತೊಡಗಿತು.

ಆ ವರ್ಷ ಸ್ಕಾಟ್ಲೆಂಡಿನಲ್ಲಿದ್ದ ಮಿಷನರಿಗಳಲ್ಲಿ ಡೇವಿಡ್ ಮೆಕೇ ಒಬ್ಬ. ಮೇಷ್ಟರಾಗುವ ಆಸೆಯ ಹೊತ್ತಿನಲ್ಲಿ ಬಂದ ಕರೆಯನ್ನು ಮನಸ್ಸಿಲ್ಲದೆ ಒಪ್ಪಿ ಹೋದವನು, ಸ್ಟರ್ಲಿಂಗ್ ಪಟ್ಟಣದಲ್ಲಿ ಮನೆನೆನಪಿನಿಂದ ಕುಗ್ಗಿದವನು. 1899ರ ಮೇನಲ್ಲಿ, ಊರಿಗೆ ಹೊರಡಲು ಮೂರು ತಿಂಗಳಿರುವಾಗ, ಗ್ಲಾಸ್ಗೊ ಸಭೆಯಲ್ಲಿ ಹಿರಿಯ ಜೇಮ್ಸ್ ಮೆಕ್‌ಮರಿನ್ ಅವನತ್ತ ತಿರುಗಿ, ನಂಬಿಕೆ ಉಳಿಸಿಕೊಂಡರೆ ಮುಂದೊಂದು ದಿನ ಚರ್ಚಿನ ಮುಖ್ಯ ಮಂಡಳಿಯಲ್ಲಿ ಕೂರುತ್ತೀ ಎಂದ. 1951ರಲ್ಲಿ ಮೆಕೇ ಚರ್ಚಿನ ಅಧ್ಯಕ್ಷನಾದ. ಅವನು ಸ್ಕಾಟ್ಲೆಂಡಿನಲ್ಲಿದ್ದ ಕಾಲಕ್ಕೇ ಇನ್ನೊಂದು ಬದಲಾವಣೆಯೂ ಆಯಿತು: 1898ರ ಏಪ್ರಿಲ್‌ನಲ್ಲಿ ಐನೆಜ್ ನೈಟ್, ಜೆನ್ನಿ ಬ್ರಿಮ್‌ಹಾಲ್ ಎಂಬ ಇಬ್ಬರು ಅವಿವಾಹಿತ ಯುವತಿಯರು ಪೂರ್ಣಾವಧಿ ಮಿಷನರಿಗಳಾಗಿ ಲಿವರ್‌ಪೂಲಿಗೆ ಬಂದರು. ಅಲ್ಲಿಯವರೆಗೆ ಒಂಟಿ ಹೆಣ್ಣಿಗೆ ಈ ಕರೆ ಇರಲಿಲ್ಲ.

ಮಿಷನ್ನಿನ ಅಧ್ಯಕ್ಷ ಬದಲಾಗುವುದು ಹುಡುಗನೊಬ್ಬನ ಬಾಳನ್ನೇ ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಗಾರ್ಡನ್ ಹಿಂಕ್ಲಿಯ ಉದಾಹರಣೆ ಸಾಕು. 1933ರ ಆರ್ಥಿಕ ಮುಗ್ಗಟ್ಟಿನಲ್ಲಿ ಅವನು ಇಂಗ್ಲೆಂಡಿನ ಪ್ರೆಸ್ಟನ್ನಿಗೆ ಬಂದ. ಕಾಯಿಲೆ, ಹಿಗ್ಗಿಲ್ಲದ ಜನ, ಖಾಲಿ ಸಭೆ. ಅಪ್ಪನ ದುಡ್ಡು ಹಾಳುಮಾಡುತ್ತಿದ್ದೇನೆಂದು ಮನೆಗೆ ಬರೆದರೆ, ನಿನ್ನನ್ನು ಮರೆತು ಕೆಲಸಕ್ಕೆ ಹೋಗು ಎಂಬರ್ಥದ ಚುಟುಕು ಉತ್ತರ ಬಂತು. ಅದೇ ವರ್ಷ ಯೂರೋಪಿನ ಮಿಷನ್ನುಗಳ ಮೇಲ್ವಿಚಾರಣೆ ಜಾನ್ ವಿಡ್ಟ್ಸೊ ಅವರಿಂದ ಜೋಸೆಫ್ ಮೆರಿಲ್ ಅವರಿಗೆ ಬಂದಿತು. ಮೆರಿಲ್ ಈ ಹುಡುಗನನ್ನು ಲಂಡನ್ ಕಚೇರಿಗೆ ಕರೆಸಿಕೊಂಡರು. 1935ರಲ್ಲಿ ಅವಧಿ ಮುಗಿದಾಗ, ಮಿಷನರಿಗಳಿಗೆ ಸರಿಯಾದ ಮುದ್ರಿತ ಸಾಮಗ್ರಿಯಿಲ್ಲದ ಕಷ್ಟವನ್ನು ಚರ್ಚಿನ ಪರಮ ಮಂಡಳಿಗೆ ಖುದ್ದಾಗಿ ತಿಳಿಸುವ ಹೊಣೆ ಹೊರಿಸಿ ಕಳಿಸಿದರು. ಹದಿನೈದು ನಿಮಿಷಕ್ಕೆಂದು ಗೊತ್ತಾದ ಭೇಟಿ ಒಂದು ಗಂಟೆ ದಾಟಿತು. ಕೆಲವೇ ದಿನಗಳಲ್ಲಿ ಆ ಕೆಲಸಕ್ಕೆಂದೇ ಹುಟ್ಟಿದ ಸಮಿತಿಗೆ ಹಿಂಕ್ಲಿ ಕಾರ್ಯದರ್ಶಿಯಾದ. ಅರವತ್ತು ವರ್ಷಗಳ ನಂತರ, 1995ರಲ್ಲಿ, ಚರ್ಚಿನ ಅಧ್ಯಕ್ಷನಾದ. ಇಂಥ ಕತೆಗಳನ್ನು ಆ ಸಮುದಾಯ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಅದು ಸಹಜ. ಪ್ರೆಸ್ಟನ್ನಿನ ಆ ಪುಟ್ಟ ಸಭೆಯನ್ನು ನಡೆಸಿಕೊಂಡು ಬಂದವರ ಕತೆಯೂ ಅದೇ ಉಸಿರಿನಲ್ಲಿ ಬರಬೇಕಿತ್ತು ಎಂದು ಅನ್ನಿಸದೆ ಇರದು.

1939ರ ಆಗಸ್ಟ್ ಕೊನೆಯ ವಾರದಲ್ಲಿ ಅಂಥವರ ಹೊಣೆ ಎಷ್ಟು ದೊಡ್ಡದೆಂದು ಎಲ್ಲರಿಗೂ ಕಾಣಿಸಿತು. ಜರ್ಮನಿಯಲ್ಲಿರುವ ಮಿಷನರಿಗಳೆಲ್ಲ ಕೂಡಲೇ ಹೊರಡಬೇಕೆಂದು ಸಾಲ್ಟ್ ಲೇಕ್ ಸಿಟಿಯಿಂದ ತಂತಿ ಬಂತು. ಪಶ್ಚಿಮ ಜರ್ಮನ್ ಮಿಷನ್ನಿನ ಅಧ್ಯಕ್ಷ ಡಗ್ಲಸ್ ವುಡ್ ಹುಡುಗರನ್ನು ಹಾಲೆಂಡಿನ ಕಡೆ ಕಳಿಸಿದ. ಡಚ್ಚರು ಗಡಿ ಮುಚ್ಚಿದರು. ಡೆನ್ಮಾರ್ಕಿಗೆ ತಿರುಗಬೇಕಾಯಿತು, ಆದರೆ ಜರ್ಮನಿಯಿಂದ ಹಣ ಒಯ್ಯಲು ಬಿಗಿ ಮಿತಿ ಇದ್ದುದರಿಂದ ಹುಡುಗರ ಕೈಯಲ್ಲಿ ಇನ್ನೊಂದು ಟಿಕೆಟ್ಟಿಗೆ ಕಾಸಿರಲಿಲ್ಲ. ಸೈನಿಕರಿಂದ ಗಿಜಿಗುಟ್ಟುತ್ತಿದ್ದ ರೈಲುದಾರಿಗಳಲ್ಲಿ 31 ಮಂದಿ ಎಲ್ಲಿದ್ದಾರೆಂದೇ ತಿಳಿಯದಾಯಿತು. ವುಡ್, ಐಡಹೊದ ಫುಟ್‌ಬಾಲ್ ಆಟಗಾರ ನಾರ್ಮನ್ ಸೀಬೋಲ್ಡ್ ಎಂಬ ಮಿಷನರಿಯ ಕೈಗೆ ಹಣ, ಟಿಕೆಟ್ಟುಗಳನ್ನು ಕೊಟ್ಟು ಹುಡುಕಿ ತಾ ಎಂದ. ಯಾವ ನಿಲ್ದಾಣದಲ್ಲಿ ಇಳಿಯಬೇಕೆಂಬುದಕ್ಕೆ ಮನಸ್ಸಿನ ಪ್ರೇರಣೆಯೊಂದೇ ದಾರಿ. ಕಲೋನ್ ನಿಲ್ದಾಣದ ಜನಸಾಗರದಲ್ಲಿ ಸೀಬೋಲ್ಡ್ ಸಾಮಾನಿನ ಗಾಡಿಯ ಮೇಲೆ ಹತ್ತಿ ನಿಂತು ಮಾರ್ಮನ್ನರಿಗಷ್ಟೇ ಗುರುತು ಸಿಗುವ ಕೀರ್ತನೆಯೊಂದನ್ನು ಶಿಳ್ಳೆ ಹಾಕಿದ. ಗುಂಪಿನೊಳಗಿಂದ ಒಬ್ಬೊಬ್ಬರೇ ಬಂದರು. ಹೀಗೆ 17 ಮಂದಿ ಸಿಕ್ಕರು, ಉಳಿದವರು ತಾವೇ ದಾರಿ ಹುಡುಕಿಕೊಂಡರು. ಜರ್ಮನಿಯಲ್ಲಿ ಯಾರೂ ಸಿಕ್ಕಿಬೀಳಲಿಲ್ಲ.

ಬರ್ಲಿನ್ನಿನಲ್ಲಿ ಅಮೆರಿಕದವನಾದ ಮಿಷನ್ ಅಧ್ಯಕ್ಷ ಬಿಟ್ಟುಹೋದ ಕುರ್ಚಿಯಲ್ಲಿ ಕೂತವನು ಹರ್ಬರ್ಟ್ ಕ್ಲಾಪ್ಫರ್, ಮೂವತ್ತು ಮುಟ್ಟದ ಜರ್ಮನ್ ಸದಸ್ಯ. ಅವನನ್ನು ಸೈನ್ಯಕ್ಕೆ ಎಳೆದುಕೊಂಡರು. ಸಮವಸ್ತ್ರದಲ್ಲಿದ್ದುಕೊಂಡೇ ಅವನು ಆದಷ್ಟು ದಿನ ಸಭೆಗಳ ಕೆಲಸ ನೋಡಿಕೊಂಡ. 1945ರಲ್ಲಿ ಸೋವಿಯತ್ ಸೆರೆಯಲ್ಲಿ ಸತ್ತ. ಸೀಬೋಲ್ಡನ ಶಿಳ್ಳೆಯ ಕತೆಯಷ್ಟು ಈ ಕತೆ ಹರಡಿಲ್ಲ.

ಯುದ್ಧದ ನಂತರ ಅವಧಿಗಳು ಗಟ್ಟಿಯಾದವು. 1960ರಲ್ಲಿ ಗಂಡುಮಕ್ಕಳ ಕನಿಷ್ಠ ವಯಸ್ಸು 20ರಿಂದ 19ಕ್ಕೆ ಇಳಿಯಿತು. 1982ರಲ್ಲಿ ಅವಧಿಯನ್ನು 18 ತಿಂಗಳಿಗೆ ಕಡಿತ ಮಾಡಿ ನೋಡಿದರು. ಭಾಷೆ ಕೈಹತ್ತುವ ಹೊತ್ತಿಗೇ ಹುಡುಗರು ಹೊರಡಬೇಕಾಗುವ ಆ ಏರ್ಪಾಟು ನಿಲ್ಲಲಿಲ್ಲ, ಎರಡೇ ವರ್ಷದಲ್ಲಿ ಮತ್ತೆ 24 ತಿಂಗಳಾಯಿತು. 2012ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಾಮಸ್ ಮಾನ್ಸನ್ ವಯಸ್ಸನ್ನು ಗಂಡುಮಕ್ಕಳಿಗೆ 18, ಹೆಣ್ಣುಮಕ್ಕಳಿಗೆ 19 ಎಂದು ಇಳಿಸಿದಾಗ ಸುಮಾರು 58,000 ಇದ್ದ ಮಿಷನರಿಗಳ ಸಂಖ್ಯೆ ಎರಡು ವರ್ಷದಲ್ಲಿ 80,000 ದಾಟಿತು. ಮನೆಗೆ ಕ್ರಿಸ್‌ಮಸ್ಸಿಗೂ ತಾಯಂದಿರ ದಿನಕ್ಕೂ ಮಾತ್ರ ಫೋನು ಮಾಡಬಹುದೆಂಬ ಕಟ್ಟಳೆ 2019ರಲ್ಲಿ ಸಡಿಲಗೊಂಡು ವಾರಕ್ಕೊಮ್ಮೆ ಮಾತಾಡುವಂತಾಯಿತು. ಕೊನೆಯ ವಾರಗಳ ಬಿಗುವನ್ನು ಇದಷ್ಟು ಇಳಿಸಿದ್ದು ಬೇರೊಂದಿಲ್ಲ. ಅಮ್ಮನ ದನಿ ಈಗ ಎರಡು ವರ್ಷದ ಆಚೆಯದ್ದಲ್ಲ.

2020ರ ಮಾರ್ಚ್ ಮಾತ್ರ ಹಳೆಯ ಕಾಲವನ್ನು ಮರಳಿ ತಂದಿತು. ಕೋವಿಡ್‌ನಿಂದಾಗಿ ಪರದೇಶಗಳಲ್ಲಿದ್ದ ಹತ್ತಾರು ಸಾವಿರ ಮಿಷನರಿಗಳನ್ನು ಕೆಲವೇ ವಾರಗಳಲ್ಲಿ ತವರಿಗೆ ಕಳಿಸಲಾಯಿತು. ಫಿಲಿಪೀನ್ಸಿನಿಂದ ಬಂದವರನ್ನು ಎದುರುಗೊಳ್ಳಲು ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಕುಟುಂಬಗಳು ಮುಗಿಬಿದ್ದವು. ಅವಧಿ ಮುಗಿಯುವ ಹಂತದಲ್ಲಿದ್ದ ಹುಡುಗರು ಬೀಳ್ಕೊಡುಗೆಯಿಲ್ಲದೆ, ಕೊನೆಯ ಸಂದರ್ಶನವೂ ಸರಿಯಾಗಿ ನಡೆಯದೆ ಬಿಡುಗಡೆಯಾದರು. ಅವರು ಕಲಿಸುತ್ತಿದ್ದ ಮನೆಗಳ ಬಾಗಿಲಿಗೆ ಮತ್ತೆ ಹೋದವರು ಆಯಾ ಊರಿನ ಸದಸ್ಯರೇ.

ಭಾರತದಲ್ಲಿ 1856ರಲ್ಲಿ ಆಗದ್ದು ಸುಮಾರು ಒಂದೂಕಾಲು ಶತಮಾನದ ನಂತರ ಒಂದು ಕುಟುಂಬದಿಂದ ಆಯಿತು. ಹೈದರಾಬಾದಿನ ಕೀಟವಿಜ್ಞಾನಿ ಎಡ್ವಿನ್ ಧರ್ಮರಾಜು ಕೆಲಸಕ್ಕೆಂದು ಸಮೋವಾ ದ್ವೀಪದಲ್ಲಿದ್ದಾಗ ಪತ್ನಿ ಎಲ್ಸಿಯೊಂದಿಗೆ ಈ ಚರ್ಚು ಸೇರಿದ್ದರು. 1978ರ ಡಿಸೆಂಬರ್‌ನಲ್ಲಿ ಅವರು ಕಿರು ಅವಧಿಯ ಮಿಷನರಿಗಳಾಗಿ ತವರಿಗೇ ಬಂದರು. ಕೆಲವು ತಿಂಗಳಲ್ಲಿ 22 ಬಂಧುಗಳಿಗೆ ದೀಕ್ಷಾಸ್ನಾನವಾಯಿತು. ದಂಪತಿ ಸಮೋವಾಕ್ಕೆ ಮರಳಿದರು, ಬಂಧುಗಳು ಇಲ್ಲೇ ಉಳಿದರು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು 1993ರ ಜನವರಿ 1ರಂದು ಭಾರತದ ಮೊದಲ ಮಿಷನ್ನು ಆರಂಭವಾದಾಗ ಅದರ ಅಧ್ಯಕ್ಷರಾದವರೂ ಭಾರತದಲ್ಲಿ ಹುಟ್ಟಿದ ಗಣಿತದ ಪ್ರಾಧ್ಯಾಪಕ ಗುರುಚರಣ್ ಸಿಂಗ್ ಗಿಲ್. 2012ರ ಮೇನಲ್ಲಿ ದೇಶದ ಮೊದಲ ಸ್ಟೇಕ್ ಹೈದರಾಬಾದಿನಲ್ಲಿ ರಚನೆಯಾಯಿತು. ಅದನ್ನು ರಚಿಸಲು ಬಂದಿದ್ದವರು ಅಪೊಸ್ತಲ ಡ್ಯಾಲಿನ್ ಓಕ್ಸ್.

ಮಾನ್ಸನ್ 2018ರ ಜನವರಿ 2ರಂದು ತೀರಿಕೊಂಡರು. 14ಕ್ಕೆ ಹೃದಯ ಶಸ್ತ್ರವೈದ್ಯ ರಸೆಲ್ ನೆಲ್ಸನ್ ಅಧ್ಯಕ್ಷರಾದರು. ಏಪ್ರಿಲ್ 1ರಂದು, ತಮ್ಮ ಮೊದಲ ಸಮ್ಮೇಳನದಲ್ಲೇ, ಬೆಂಗಳೂರಿನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯ ಕಟ್ಟುವುದಾಗಿ ಘೋಷಿಸಿ, ಅದೇ ತಿಂಗಳು ಬೆಂಗಳೂರಿಗೂ ಬಂದುಹೋದರು. 2020ರ ಡಿಸೆಂಬರ್ 2ರಂದು ಅದರ ಗುದ್ದಲಿಪೂಜೆ ನಡೆಯಿತು. ‘ಮಾರ್ಮನ್’ ಎನ್ನಬೇಡಿ, ಚರ್ಚಿನ ಪೂರ್ಣ ಹೆಸರು ಹೇಳಿ ಎಂದು ಒತ್ತಾಯಿಸಿದವರೂ ಅವರೇ. ಹಾಗಾಗಿ 2018ರಲ್ಲಿ ಅವಧಿಯ ನಡುವಿನಲ್ಲಿದ್ದ ಮಿಷನರಿಗಳು ಬಾಗಿಲಲ್ಲಿ ನಿಂತು ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿಯನ್ನೇ ಬದಲಿಸಿಕೊಳ್ಳಬೇಕಾಯಿತು. ನಾಯಕನ ಬದಲಾವಣೆ ಹಿಂದೆ ಹಡಗಿನ ವೇಗದಲ್ಲಿ ಬರುತ್ತಿತ್ತು. ಈಗ ಬೆಳಿಗ್ಗೆ ಫೋನಿನಲ್ಲಿ ಬರುತ್ತದೆ, ಮಧ್ಯಾಹ್ನದ ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ.

ನೆಲ್ಸನ್ 2025ರ ಸೆಪ್ಟೆಂಬರ್ 27ರಂದು 101ರ ವಯಸ್ಸಿನಲ್ಲಿ ನಿಧನರಾದರು. ಮುಂದಿನ ವಾರದ ಸಮ್ಮೇಳನ ಅಧ್ಯಕ್ಷರಿಲ್ಲದೆಯೇ ನಡೆಯಿತು. ಅಕ್ಟೋಬರ್ 14ರಂದು, ಯೂಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ, ಹೈದರಾಬಾದಿಗೆ ಬಂದುಹೋದ ಅದೇ ಡ್ಯಾಲಿನ್ ಓಕ್ಸ್, 93ರ ವಯಸ್ಸಿನಲ್ಲಿ ಹೊಣೆ ಹೊತ್ತರು. ಆ ಹದಿನೇಳು ದಿನಗಳಲ್ಲಿ ಪರದೇಶದ ಯಾವುದೋ ಬಾಡಿಗೆ ಕೋಣೆಯಲ್ಲಿ ಕೊನೆಯ ವಾರ ಕಳೆದ ಮಿಷನರಿಗಳು ಚರ್ಚಿನ ಒಬ್ಬ ಅಧ್ಯಕ್ಷರ ಸಹಿಯಿದ್ದ ಪತ್ರ ಹಿಡಿದು ಹೋಗಿದ್ದವರು. ಇನ್ನೊಬ್ಬರ ಕಾಲದೊಳಕ್ಕೆ ವಿಮಾನ ಇಳಿದರು. ನವೆಂಬರ್‌ನಲ್ಲಿ ಹೊಸ ಆಡಳಿತ ಹೆಣ್ಣುಮಕ್ಕಳ ಕನಿಷ್ಠ ವಯಸ್ಸನ್ನೂ 18ಕ್ಕೆ ಇಳಿಸಿತು. ಶಾಲೆ ಮುಗಿಸಿ ನೇರವಾಗಿ ಹೊರಡುವ ಈ ಹುಡುಗಿಯರಲ್ಲಿ ಹಲವರ ಸೇವೆ ಇಪ್ಪತ್ತು ತುಂಬುವ ಮೊದಲೇ ಮುಗಿದಿರುತ್ತದೆ. ಅವರು ಕಲಿಸಿ ಬಿಟ್ಟುಬಂದ ಸಭೆಗಳಲ್ಲಿ ಭಾನುವಾರದ ಪಾಠ ಯಾರು ಮಾಡುತ್ತಾರೆ, ಕಾಯಿಲೆಯವರ ಮನೆಗೆ ಯಾರು ಹೋಗುತ್ತಾರೆ ಎಂಬುದನ್ನು ಎಂದಿನಂತೆ ಆಯಾ ಊರಿನವರೇ ತೀರ್ಮಾನಿಸಬೇಕಾಗಿದೆ.